ಪುರುಸೊತ್ತಿತ್ತು, ಗೊಟ್ಟಿಯಿರಲಿಲ್ಲ

"ಕೊರೊನಾ ಬಂದಾಗ ಎರಡು ವರ್ಷ ಮನೇಲೇ ಕೂತಿದ್ದೆ. ಒಂದ್ ಕಾದಂಬರಿನಾದ್ರೂ ಬರದು ಮುಗಸ್ಲಾಗಿತ್ತಲಾ ಮಾರಾಯಾ?"

ಚೌತಿ ಹತ್ತಿರ ಬಂತೆಂದರೆ ಯಾರಾದರೊಬ್ಬರು ಈ ಮಾತು ತೆಗೆಯುತ್ತಾರೆ. ಈ ಸಲ ತೆಗೆದದ್ದು ಭಾವ. ತೋಟದ ಅಡಿಕೆಗೊನೆಯ ಲೆಕ್ಕ ಇಟ್ಟಷ್ಟೇ ನಿಷ್ಠುರವಾಗಿ ಅವರು ನನ್ನ ಬರವಣಿಗೆಯ ಲೆಕ್ಕವನ್ನೂ ಇಟ್ಟಿರುತ್ತಾರೆ. 2020 ಮತ್ತು 2021 ಎರಡೂ ಸೇರಿ ನಾನು ಬರೆದದ್ದು ನಾಲ್ಕು ಕಥೆ. ಅದರಲ್ಲಿ ಎರಡನ್ನು ನಾನೇ ಹರಿದು ಹಾಕಿದೆ. ಅದಕ್ಕೂ ಮುಂಚೆ, ಶಾಲೆಯಲ್ಲಿ ಪಾಠ ಮಾಡಿ, ತೋಟ ನೋಡಿಕೊಂಡು, ನೆಂಟರ ಮನೆ ತಿರುಗಿ, ಜಾತ್ರೆ, ಯಕ್ಷಗಾನದ ಆಟ, ವೇಷವಿಲ್ಲದೆ ಕೂತು ಮಾತಲ್ಲೇ ನಡೆಸುವ ತಾಳಮದ್ದಲೆ ಅಂತ ನಿದ್ದೆಗೆಡುತ್ತಿದ್ದ ಕಾಲದಲ್ಲಿ ವರ್ಷಕ್ಕೆ ಐದಾರು ಕಥೆ ಸಲೀಸಾಗಿ ಆಗುತ್ತಿದ್ದವು.

ಇದು ನನ್ನೊಬ್ಬನ ಸೋಮಾರಿತನವಾಗಿದ್ದರೆ ಇಷ್ಟುದ್ದ ಹೇಳುವ ಅಗತ್ಯವಿರಲಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಕುಮಟಾ, ಅಂಕೋಲಾ ಕಡೆಯ ಬರೆಯುವ ಗೆಳೆಯರನ್ನು ಕೇಳಿ ನೋಡಿದ್ದೇನೆ. ಕೈತುಂಬ ಸಮಯ ಸಿಕ್ಕ ಆ ಎರಡು ವರ್ಷಗಳೇ ಅವರಿಗೂ ಅತ್ಯಂತ ಬರಡು ವರ್ಷಗಳು. ಯಾಕೆ ಹೀಗಾಯಿತು?

ಲೇಖಕನಿಗೆ ಏಕಾಂತ ಬೇಕು ಎಂಬ ನಂಬಿಕೆ ಪೇಟೆಯಲ್ಲಿ ಹುಟ್ಟಿದ್ದಿರಬೇಕು. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ಒಂದು ತೋಟ, ಒಂದು ಹಳ್ಳ, ಅದರ ಮೇಲಿನ ಸಂಕ ದಾಟಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ಜನರನ್ನು ಮನೆಯೊಳಗೆ ಕೂರಿಸುತ್ತದೆ. ಘಟ್ಟದ ಮೇಲಿನ ಲೇಖಕನಿಗೆ ಏಕಾಂತ ಹುಟ್ಟಿನಿಂದಲೇ ಬಂದ ಆಸ್ತಿ. ಅವನಿಗೆ ಕಡಿಮೆ ಬೀಳುವುದು ಜನ. ಆ ಜನ ಒಟ್ಟಿಗೆ ಸಿಗುವುದು ಹಬ್ಬದಲ್ಲಿ. ಪಂಪ ಬನವಾಸಿಯನ್ನು ನೆನೆಯುವಾಗ ಅಲ್ಲಿಯ ಮನುಷ್ಯರ ಸುಖಗಳನ್ನು ಎಣಿಸುತ್ತಾನಲ್ಲ, ತ್ಯಾಗ, ಭೋಗ, ಅಕ್ಷರ, ಗೇಯ ಎಂದು, ಅದೇ ಉಸಿರಿನಲ್ಲಿ ಗೊಟ್ಟಿಯನ್ನೂ ಸೇರಿಸುತ್ತಾನೆ. ಗೊಟ್ಟಿ ಅಂದರೆ ಗೋಷ್ಠಿ, ನಾಲ್ಕು ಜನ ಕೂಡಿ ಕೂರುವುದು. ಹತ್ತನೆಯ ಶತಮಾನದ ಕವಿಗೆ ಗೊತ್ತಿದ್ದದ್ದು ನಮಗೆ ಬೀಗ ಬಿದ್ದ ಮೇಲೆ ಗೊತ್ತಾಯಿತು.

ದಿನಾಂಕಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2020ರಲ್ಲಿ ಅದು ಮಾರ್ಚ್ 3ಕ್ಕೆ ಶುರುವಾಗಿ 11ಕ್ಕೆ ಮುಗಿಯಿತು. ಜಾತ್ರೆ ನಡೆದಿರುವಾಗಲೇ, 9ರಂದು, ರಾಜ್ಯದ ಮೊದಲ ಪ್ರಕರಣ ಬೆಂಗಳೂರಿನಲ್ಲಿ ಹೊರಬಿತ್ತು. ದೇವಿ ಬಿಡಕಿಬೈಲಿನ ಗದ್ದುಗೆಯಿಂದ ಎದ್ದ ದಿನವೇ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಜಗತ್ತಿಗೇ ಹರಡಿದ ಪಿಡುಗು ಎಂದು ಘೋಷಿಸಿತು. 13ರಂದು ಸರ್ಕಾರ ಸಿನಿಮಾ, ಜಾತ್ರೆ, ದೊಡ್ಡ ಮದುವೆಗಳಿಗೆ ಒಂದು ವಾರದ ತಡೆ ಹಾಕಿತು. 24ರ ರಾತ್ರಿ ಇಡೀ ದೇಶಕ್ಕೇ ಬೀಗ. ಮರುದಿನ ಯುಗಾದಿ. ಬೇವು ತರಲು ಪೇಟೆಗೆ ಹೋಗುವುದೋ ಬೇಡವೋ ಎಂದು ಜನ ಗೇಟಿನ ಬಳಿ ನಿಂತು ಯೋಚಿಸಿದ ಯುಗಾದಿ ಅದು.

ಮಾರಿಯೆಂದರೆ ಸಾಂಕ್ರಾಮಿಕ ರೋಗದ ದೇವತೆ. ಊರಿಗೆ ಬಂದ ಮಾರಿಯನ್ನು ಗಡಿ ದಾಟಿಸಿ ಕಳಿಸುವುದು ಮಲೆನಾಡಿನ ಹಳೆಯ ರೂಢಿ. ಹೀಗಾಗಿ ಏಪ್ರಿಲ್ ಹೊತ್ತಿಗೆ ವಾಟ್ಸಾಪ್ ಪಂಡಿತರಿಗೆ ಹಬ್ಬವೋ ಹಬ್ಬ. "ನಮ್ಮ ಹಿರಿಯರ ಮಡಿ-ಮೈಲಿಗೆಯೇ ಈಗಿನ ಸೋಶಿಯಲ್ ಡಿಸ್ಟೆನ್ಸಿಂಗ್" ಎಂಬ ಸಂದೇಶವನ್ನು ನನ್ನ ಸೋದರತ್ತೆಯೊಬ್ಬರೇ ಮೂರು ಸಲ ಕಳಿಸಿದರು. ಸರ್ಕಾರಿ ಪ್ರಕಟಣೆಗಳು 'ಸಾಮಾಜಿಕ ಅಂತರ' ಎಂದೇ ಬರೆದವು. ಸಾಮಾಜಿಕ ಅಂತರ ಎಂಬುದು ಈ ನೆಲದಲ್ಲಿ ಯಾರು ಯಾರ ಅಂಗಳಕ್ಕೆ ಬರಬಹುದು, ಯಾರು ಬರಬಾರದು ಎಂದು ನಿರ್ಧರಿಸಿದ ವಿಷಯ. ಅದಕ್ಕೂ ಮೂರಡಿ ದೂರ ನಿಲ್ಲುವುದಕ್ಕೂ ಸಂಬಂಧವಿಲ್ಲ. 'ದೈಹಿಕ ಅಂತರ' ಎನ್ನಿ ಎಂದು ಕೆಲವರು ಹೇಳಿ ನೋಡಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಒಂದು ಶಬ್ದವನ್ನೂ ಬದಲಿಸಲಾಗದ ನಾವು ಆ ಕಾಲದಲ್ಲಿ ಎಂಥ ಲೇಖಕರು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಜಿಲ್ಲೆಯ ಮೊದಲ ಪ್ರಕರಣಗಳು ಮಾರ್ಚ್ ಕೊನೆಯಲ್ಲಿ ಭಟ್ಕಳದಲ್ಲಿ ಕಂಡವು. ರೋಗಿಗಳನ್ನು ಕಾರವಾರದ ನೌಕಾನೆಲೆಯ ಪತಂಜಲಿ ಆಸ್ಪತ್ರೆಯಲ್ಲಿಟ್ಟು ನೋಡಿಕೊಳ್ಳಬೇಕಾಯಿತು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಈ ಜಿಲ್ಲೆ ಕೇಳಿಕೊಂಡು ಬಂದದ್ದು ಎಷ್ಟೋ ವರ್ಷಗಳಿಂದ. ಏನಾದರೂ ಹೆಚ್ಚುಕಮ್ಮಿಯಾದರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾ. ಆಗ ಗಡಿಯ ಮಾಜಾಳಿಯಲ್ಲಿ ಗೋವಾ ದಾರಿಯೂ ಬಂದ್. ಈ ಭಯಕ್ಕೂ ಸಾಹಿತ್ಯಕ್ಕೂ ಏನು ಸಂಬಂಧ ಎನ್ನಬೇಡಿ. ನಮ್ಮ ಜಿಲ್ಲೆಯ ಕವಿಗೋಷ್ಠಿ, ಪುಸ್ತಕ ಬಿಡುಗಡೆ, ತಾಲ್ಲೂಕು ಸಮ್ಮೇಳನಗಳು ನಿಂತಿರುವುದೇ ನಿವೃತ್ತ ಮಾಸ್ತರರ ಮೇಲೆ. ಕುರ್ಚಿ ಹಾಕಿಸುವವರು ಅವರು, ಸ್ವಾಗತ ಹೇಳುವವರು ಅವರು, ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳುವವರೂ ಅವರೇ. ಅರವತ್ತು ದಾಟಿದವರು, ಶುಗರು-ಬಿಪಿ ಇದ್ದವರು ಹೊರಗೆ ಬರಲೇಬೇಡಿ ಎಂದಾಗ ಮನೆಯೊಳಗೆ ಉಳಿದದ್ದು ಈ ಇಡೀ ಪಡೆ.

ಇನ್ನು ಚೌತಿ. 2020ರಲ್ಲಿ ಅದು ಆಗಸ್ಟ್ 22. ಅದಕ್ಕೆ ನಾಲ್ಕೇ ದಿನ ಮೊದಲು, 18ಕ್ಕೆ, ಪರಿಷ್ಕೃತ ಆದೇಶ ಬಂತು. ಸಾರ್ವಜನಿಕ ಗಣಪತಿ ನಾಲ್ಕು ಅಡಿ ಮೀರುವಂತಿಲ್ಲ, ಮನೆಯದು ಎರಡು ಅಡಿ, ಒಮ್ಮೆಗೆ ಇಪ್ಪತ್ತಕ್ಕಿಂತ ಹೆಚ್ಚು ಜನ ಸೇರುವಂತಿಲ್ಲ.

ನಾವು ಗಣಪತಿ ತರುವ ಗುಡಿಗಾರರ ಕೊಟ್ಟಿಗೆಗೆ ಮರುದಿನ ಹೋಗಿದ್ದೆ. ನಮ್ಮ ಕಡೆ ಗಣಪತಿಗೆ ಹೇಳಿ ಬರುವುದೆಂದರೆ ಮನೆಯ ಮಣೆಯನ್ನು ಅವರಲ್ಲಿ ಕೊಟ್ಟು ಬರುವುದು, ಜೊತೆಗೆ ಎಲೆ-ಅಡಿಕೆ, ಕಾಣಿಕೆ. ಮಣೆಯ ಹಿಂದೆ ಸುಣ್ಣದ ಕಡ್ಡಿಯಲ್ಲಿ ಮನೆತನದ ಹೆಸರು. ಮಣೆಯ ಅಳತೆ ನೋಡಿಯೇ ಅವರಿಗೆ ಮೂರ್ತಿ ಎಷ್ಟು ದೊಡ್ಡದಿರಬೇಕೆಂದು ಗೊತ್ತಾಗುತ್ತದೆ. ಆ ದಿನ ಕೊಟ್ಟಿಗೆಯ ಒಂದು ಮೂಲೆಯಲ್ಲಿ ಐದಡಿಯ ಗಣಪತಿ ನಿಂತಿತ್ತು, ಯಾವುದೋ ಯುವಕ ಸಂಘದ್ದು. ಬಣ್ಣ ಹಚ್ಚಿರಲಿಲ್ಲ. ಕಣ್ಣು ಬರೆದಿರಲಿಲ್ಲ. ಮೈಮೇಲೆ ಒದ್ದೆ ಗೋಣಿ, ಮಣ್ಣು ಒಡೆಯದಿರಲಿ ಎಂದು. ಗುಡಿಗಾರರು ಟೇಪು ಹಿಡಿದು ಕಿರೀಟದಿಂದ ಪಾದದವರೆಗೆ ಅಳೆದರು. ಇನ್ನೊಮ್ಮೆ ಅಳೆದರು. ಕಿರೀಟ ತೆಗೆದರೂ ನಾಲ್ಕೂವರೆ. "ಪೀಠದಲ್ಲಿ ತೆಗೀಲಕ್ಕು ನೋಡಿ, ಆದ್ರೆ ಇಲಿ ಹೋಗ್ತದೆ" ಅಂದರು. ಇಲಿಯಿಲ್ಲದ ಗಣಪತಿಯನ್ನು ಸಂಘದವರು ಒಪ್ಪುತ್ತಾರೋ ಇಲ್ಲವೋ ಎಂಬುದು ಅವರ ಚಿಂತೆ. ನಾನು ಎರಡು ಹೆಜ್ಜೆ ದೂರ ನಿಂತು ಹ್ಞೂಂ ಹ್ಞೂಂ ಅನ್ನುತ್ತಿದ್ದೆ. ಮಾಸ್ಕಿನೊಳಗೆ ಮೂಗು ಬೆವರುತ್ತಿತ್ತು, ಬೇಗ ಹೊರಟರೆ ಸಾಕಿತ್ತು.

ಆ ವಾರ ಮನೆಗೆ ಬಂದು ನಾನು ಬರೆದ ಕಥೆ ಯಾವುದು ಗೊತ್ತೇ? ಹೆದ್ದಾರಿಯಲ್ಲಿ ಮಗುವನ್ನು ಹೆಗಲ ಮೇಲೆ ಹೊತ್ತು ನಡೆದ ವಲಸೆ ಕಾರ್ಮಿಕನದು. ಅಂಥವನೊಬ್ಬನನ್ನೂ ನಾನು ಕಣ್ಣಾರೆ ಕಂಡಿರಲಿಲ್ಲ. ಟಿವಿಯಲ್ಲಿ ಕಂಡಿದ್ದೆ. ಆ ದೀಪಾವಳಿಗೆ ನಾನು ಓದಿದ ಕಥೆಗಳಲ್ಲಿ ಅದೇ ಹೆದ್ದಾರಿ, ಅದೇ ಮಗು, ಅದೇ ಹರಿದ ಚಪ್ಪಲಿ ಮತ್ತೆ ಮತ್ತೆ ಬಂದವು. ಬರೆದವರನ್ನು ಬೈಯುವುದು ಸುಲಭ. ಕಾರ್ಮಿಕರ ಸಂಕಟ ಸುಳ್ಳೂ ಅಲ್ಲ. ಆದರೆ ಎಲ್ಲರೂ ಒಂದೇ ಕಿಟಕಿಯಿಂದ ಲೋಕ ನೋಡುತ್ತಿದ್ದಾಗ ಎಲ್ಲರಿಗೂ ಕಂಡದ್ದು ಒಂದೇ ಬೀದಿ. ಮಾಮೂಲಿ ವರ್ಷದಲ್ಲಿ ಒಬ್ಬ ಬರಹಗಾರ ಹಬ್ಬದ ಎರಡು ವಾರಗಳಲ್ಲಿ ಇಪ್ಪತ್ತು ಮನೆಯ ಜಗಲಿ ಹತ್ತಿರುತ್ತಾನೆ, ಬೇಡವೆಂದರೂ ಇಪ್ಪತ್ತು ಮನೆಯ ಸುದ್ದಿ ಕಿವಿಗೆ ಬಿದ್ದಿರುತ್ತದೆ. ಅವನ ಕಥೆ ಪಕ್ಕದ ತಾಲ್ಲೂಕಿನವನ ಕಥೆಯಂತಾಗದಿರಲು ಕಾರಣ ಅವನ ಪ್ರತಿಭೆ ಎಂದು ಅವನೇನೋ ತಿಳಿದಿರುತ್ತಾನೆ.

ಅದಕ್ಕೇ ಚಕ್ಲಿ ಕಂಬಳದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಶಿರಸಿ-ಸಿದ್ದಾಪುರ-ಯಲ್ಲಾಪುರದ ಕಡೆ ಚೌತಿಗೆ ನಾಲ್ಕೈದು ದಿನ ಇರುವಾಗ ಇದು ನಡೆಯುತ್ತದೆ. ಕಂಬಳ ಅಂದಾಕ್ಷಣ ಕೋಣ ಓಡಿಸುವುದು ಎಂದುಕೊಳ್ಳಬೇಡಿ. ಇದು ಊರವರು ಸೇರಿ ಒಬ್ಬರ ಮನೆಯ ಕೆಲಸ ಮುಗಿಸಿಕೊಡುವ ಪದ್ಧತಿ. ರಾತ್ರಿ ಊಟ ಮುಗಿಸಿ ಅಕ್ಕಪಕ್ಕದ ಗಂಡಸರು ಬರುತ್ತಾರೆ. ಅಕ್ಕಿ ಹಿಟ್ಟಿಗೆ ಹುರಿದ ಉದ್ದಿನ ಹಿಟ್ಟು, ಎಳ್ಳು, ಓಮ ಹಾಕಿ ಹದವಾಗಿ ನಾದಿ ಇಟ್ಟಿರುತ್ತಾರೆ. ಒರಳಿನಲ್ಲಿ ಒತ್ತುವುದಿಲ್ಲ, ಕೈಯಲ್ಲೇ ಸುತ್ತುವುದು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಟ್ಟನ್ನು ಹುರಿ ಮಾಡುತ್ತ ಒಂದರ ಹೊರಗೆ ಒಂದು ಸುತ್ತು. ಅರ್ಧ ಸುತ್ತಿಗೇ ತುಂಡಾದರೆ ಎಲ್ಲರೂ ನಗುತ್ತಾರೆ. ಒಳಗೆ ಹೆಂಗಸರು ಬಾಣಲೆಯ ಮುಂದೆ. ಮಧ್ಯೆ ಒಮ್ಮೆ ಚಾ. ನಾಳೆ ರಾತ್ರಿ ಇನ್ನೊಂದು ಮನೆ.

ಹುರಿ ತುಂಡಾಗಬಾರದೆಂದರೆ ಕಣ್ಣು ಕೈಮೇಲೇ ಇರಬೇಕು. ಆದ್ದರಿಂದ ಚಕ್ಲಿ ಸುತ್ತುವಾಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಮುಖ ನೋಡದೆ ಮಾತಾಡುವಾಗ ಮನುಷ್ಯ ಹೇಳಬಾರದ್ದನ್ನೆಲ್ಲ ಹೇಳುತ್ತಾನೆ. ಪಾಲಾದ ಮನೆಯ ತಕರಾರು, ಮಗನಿಗೆ ಹೆಣ್ಣು ಸಿಗದ ಬೇಗೆ, ಬೆಟ್ಟದ ಅತಿಕ್ರಮಣದ ಕೇಸು, ಯಾವ ಭಾಗವತರಿಗೆ ಸ್ವರ ಬಿದ್ದುಹೋಯಿತು ಎಂಬ ವಾದ ಎಲ್ಲವೂ ಅಲ್ಲಿ ಬರುತ್ತವೆ. ನನ್ನ ಮೊದಲ ಸಂಕಲನದ ಅರ್ಧ ಕಥೆಗಳು ಎಣ್ಣೆ ಹಚ್ಚಿದ ಆ ಕೈಗಳ ನಡುವಿನಿಂದ ಎದ್ದು ಬಂದವು. ಯಾರ ಮನೆಯ ಕಥೆ ಯಾವುದು ಎಂದು ಮಾತ್ರ ಕೇಳಬೇಡಿ, ನಾನು ಇದೇ ಊರಲ್ಲಿ ಬಾಳಬೇಕು.

2020ರಲ್ಲಿ ನಮ್ಮ ಕೇರಿಯಲ್ಲಿ ಕಂಬಳ ಆಗಲಿಲ್ಲ. ವಿಚಿತ್ರವೆಂದರೆ ಆ ವರ್ಷ ಮನೆಗಳಲ್ಲಿ ಜನ ತುಂಬಿದ್ದರು. ಬೆಂಗಳೂರಿನ ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಎಂದಿದ್ದರಿಂದ, ಮುದುಕರೇ ಉಳಿದಿದ್ದ ಊರಿಗೆ ಮಕ್ಕಳು ಮೊಮ್ಮಕ್ಕಳು ತಿಂಗಳುಗಟ್ಟಲೆ ಬಂದಿಳಿದಿದ್ದರು. ಕರಾವಳಿಯಲ್ಲಿ ಮುಂಬೈಯವರು ಶಾಲೆ-ಹಾಸ್ಟೆಲುಗಳ ಕ್ವಾರಂಟೈನು ಮುಗಿಸಿ ಮನೆ ಸೇರಿದ್ದರು. ಎಷ್ಟೋ ವರ್ಷಗಳ ನಂತರ ಗಣಪತಿಯ ಮುಂದೆ ಇಡೀ ಸಂಸಾರ ಕೂತಿತ್ತು. ಪಕ್ಕದ ಮನೆಯವನು ಮಾತ್ರ ಬರಲಿಲ್ಲ. ಅಂದರೆ ಹಬ್ಬ ನಿಂತಿರಲಿಲ್ಲ, ಊರಿನದಾಗಿದ್ದದ್ದು ಮನೆಯದಾಗಿ ಕುಗ್ಗಿತ್ತು. ಮನೆಯವರ ಮಾತು ನಮಗೆ ಮೊದಲೇ ಗೊತ್ತಿರುತ್ತದಲ್ಲ.

ಇನ್ನೊಂದು ಕಡೆ ದುಡ್ಡಿನ ಲೆಕ್ಕ. ಬರೆಯುವವರಿಗೆ ದೀಪಾವಳಿ ಶುರುವಾಗುವುದು ಆಗಸ್ಟಿನಲ್ಲಿ, ಸಂಪಾದಕರ ಫೋನಿನಿಂದ. "ವಿಶೇಷಾಂಕಕ್ಕೆ ಒಂದು ಕಥೆ ಕೊಡಿ, ತಿಂಗಳ ಕೊನೆಗೆ." ವಿಶೇಷಾಂಕದ ಪುಟ ನಿರ್ಧಾರವಾಗುವುದು ಒಡವೆ ಅಂಗಡಿ, ಸೀರೆ ಅಂಗಡಿ, ಬಿಲ್ಡರು, ಬ್ಯಾಂಕುಗಳ ಜಾಹೀರಾತಿನ ಮೇಲೆ. ನಮ್ಮ ಜಿಲ್ಲೆಯ ಪತ್ರಿಕೆಗಳಿಗಾದರೆ ಸಹಕಾರಿ ಸಂಘಗಳು, ಅಡಿಕೆ ವ್ಯಾಪಾರಿಗಳು ಕೊಡುವ 'ಶುಭಾಶಯಗಳು'. ಜಾಹೀರಾತು ಹತ್ತು ಪುಟ ಬಂದರೆ ಕಥೆಗೂ ಜಾಗ. ಲಾಕ್‌ಡೌನಿನಲ್ಲಿ ಅಂಗಡಿಗಳೇ ಮುಚ್ಚಿದ ಮೇಲೆ ಯಾರು ಯಾರಿಗೆ ಶುಭಾಶಯ ಕೋರಬೇಕು? ಪೇಪರ್ ಮುಟ್ಟಿದರೆ ವೈರಸ್ ಬರುತ್ತದೆ ಎಂಬ ಪುಕಾರು ಬೇರೆ. ದಿನಪತ್ರಿಕೆಗಳು ತೆಳ್ಳಗಾದವು, ಭಾನುವಾರದ ಪುರವಣಿಗಳು ಸೊರಗಿದವು. ಒಂದು ವಿಶೇಷಾಂಕಕ್ಕೆ ನಾನು ಕೊಟ್ಟ 1500 ಶಬ್ದಗಳ ಪ್ರಬಂಧ 600ಕ್ಕಿಳಿದು ಅಚ್ಚಾಯಿತು. ಗೌರವಧನ ಇಂದಿಗೂ ಬಂದಿಲ್ಲ. ಪ್ರತಿಯ ಬದಲು ವಾಟ್ಸಾಪಿನಲ್ಲಿ ಪಿಡಿಎಫ್ ಬಂತು. ಪ್ರತಿ ವರ್ಷ ವಿಶೇಷಾಂಕಕ್ಕೆ ಕ್ಯಾಲೆಂಡರ್ ಕಾಗದದ ರಟ್ಟು ಹಾಕಿ ಓದುವ ಅಪ್ಪಯ್ಯನಿಗೆ ಅದನ್ನು ಮೊಬೈಲಿನಲ್ಲಿ ತೋರಿಸಿದೆ. ಎರಡು ಬೆರಳಲ್ಲಿ ದೊಡ್ಡದು ಮಾಡುತ್ತ, ಸಾಲಿನ ಕೊನೆ ಹುಡುಕುತ್ತ, ಅರ್ಧ ಪುಟಕ್ಕೆ ಸಾಕೆಂದು ಕೊಟ್ಟುಬಿಟ್ಟರು.

ಹಾಗಂತ ಕನ್ನಡ ಲೇಖಕ ಉಪವಾಸ ಬಿದ್ದ ಎಂದರೆ ಸುಳ್ಳಾಗುತ್ತದೆ. ನಮ್ಮಲ್ಲಿ ಬರಹದ ಸಂಪಾದನೆಯಲ್ಲಿ ಬದುಕುವವರೇ ಅಪರೂಪ. ಮಾಸ್ತರಿಕೆ, ಬ್ಯಾಂಕು, ತೋಟ ಏನಾದರೊಂದು ಇರುತ್ತದೆ, ಸಂಬಳವೂ ಅಡಿಕೆಯೂ ಕೈಬಿಡಲಿಲ್ಲ. ಪೆಟ್ಟು ಬಿದ್ದದ್ದು ಹಬ್ಬವನ್ನೇ ನಂಬಿದ ಬೇರೆ ಅಕ್ಷರದವರಿಗೆ. ಯಕ್ಷಗಾನದ ಡೇರೆ ಮೇಳಗಳಿಗೆ ವರ್ಷವರ್ಷ ಹೊಸ ಪ್ರಸಂಗ ಬರೆದುಕೊಡುವ ಪ್ರಸಂಗಕರ್ತರಿದ್ದಾರೆ. ಅವರ ಪದ್ಯ ಭಾಗವತರ ಬಾಯಲ್ಲಿ ನಿಂತು, ಜನ ಮರುದಿನ ಗುನುಗಿದರೆ ಮಾತ್ರ ಬದುಕುತ್ತದೆ. ಮೇ ಕೊನೆಗೆ ಮೇಳಗಳು ಆಟ ಮುಗಿಸುವ ಹತ್ತನಾವಧಿಯವರೆಗೆ ನಡೆಯಬೇಕಿದ್ದ ತಿರುಗಾಟ 2020ರಲ್ಲಿ ಮಾರ್ಚಿನಲ್ಲೇ ನಿಂತಿತು, ಮಳೆಗಾಲದ ಬೆಂಗಳೂರು-ಮುಂಬೈ ಆಟಗಳೂ ಹೋದವು. ಜಾತ್ರೆಯಲ್ಲಿ ಡೇರೆ ಹಾಕಿದ ನಾಟಕ ಕಂಪನಿಗಳಿಗೆ ಮುಂದಿನ ಕ್ಯಾಂಪು ಯಾವ ಊರು ಎಂಬುದೇ ಇಲ್ಲದಾಯಿತು. 2021ರ ಎರಡನೆಯ ಅಲೆಯಲ್ಲಿ ಸರ್ಕಾರ ಕಲಾವಿದರಿಗೆ ಪ್ರಕಟಿಸಿದ ನೆರವು ತಲಾ 3000 ರೂಪಾಯಿ. ವೇಷಧಾರಿಯೊಬ್ಬರಿಗೆ ಸೀಸನ್ನಿನಲ್ಲಿ ಕೆಲವೇ ಆಟಗಳಲ್ಲಿ ಕೈಸೇರುತ್ತಿದ್ದ ಮೊತ್ತ ಅದು. ಹಾವೇರಿಯಲ್ಲಿ ಆಗಬೇಕಿದ್ದ 86ನೆಯ ಸಾಹಿತ್ಯ ಸಮ್ಮೇಳನ ಮುಂದೆ ಹೋಗುತ್ತ ಹೋಗುತ್ತ ನಡೆದದ್ದು 2023ರ ಜನವರಿಯಲ್ಲಿ. ಸಮ್ಮೇಳನದ ಭಾಷಣಗಳಿಲ್ಲದೆ ಯಾರಿಗೂ ಏನೂ ನಷ್ಟವಾಗಿಲ್ಲ ಬಿಡಿ. ಪುಸ್ತಕ ಮಳಿಗೆಯಿಲ್ಲದೆ ಸಣ್ಣ ಪ್ರಕಾಶಕರಿಗೆ ಆಯಿತು.

ಬದಲಿಗೆ ಬಂದದ್ದು ಆನ್‌ಲೈನ್. ಜೂಮ್ ಕವಿಗೋಷ್ಠಿ, ಫೇಸ್‌ಬುಕ್ ಲೈವಿನಲ್ಲಿ ಪುಸ್ತಕ ಬಿಡುಗಡೆ, ಯೂಟ್ಯೂಬಿನಲ್ಲಿ ತಾಳಮದ್ದಲೆ, 2021ರ ಮಧ್ಯದಲ್ಲಿ ಬರೀ ಮಾತಿನ ಆ್ಯಪ್ ಕ್ಲಬ್‌ಹೌಸ್. ಇದನ್ನು ನಾನು ಹಳಿಯಲಾರೆ. ದುಬೈಯಲ್ಲಿದ್ದವರು, ಅಮೆರಿಕದಲ್ಲಿದ್ದವರು ನಮ್ಮ ಅರ್ಥಧಾರಿಗಳ ವಾದ ಕೇಳಿದ್ದು ಆಗಲೇ. ಆದರೆ ಘಟ್ಟದ ಮೇಲೆ ನೆಟ್‌ವರ್ಕ್ ಸಿಗುವುದೆಲ್ಲಿ? ಮಕ್ಕಳು ಆನ್‌ಲೈನ್ ಕ್ಲಾಸಿಗೆಂದು ಗುಡ್ಡದ ಮೇಲೆ ತಾಡಪಾಲಿನ ಮಾಡು ಕಟ್ಟಿಕೊಂಡಿದ್ದರು. ನನ್ನ ಮೊದಲ ಆನ್‌ಲೈನ್ ಕಥಾವಾಚನ ಆ ಮಾಡಿನಲ್ಲೇ ಆಯಿತು. ಎಂಟನೆಯ ಕ್ಲಾಸಿನ ಇಬ್ಬರು ತಮ್ಮ ಗಣಿತ ಮುಗಿದ ಮೇಲೆ ನನಗೆ ಜಾಗ ಬಿಟ್ಟುಕೊಟ್ಟರು. ಮಳೆ ತಾಡಪಾಲಿನ ಮೇಲೆ ಸುರಿಯುತ್ತಿತ್ತು. ಹದಿನೈದು ನಿಮಿಷ ಓದಿ ಮುಗಿಸಿ ನೋಡಿದರೆ ಪರದೆಯ ಮೇಲೆ ಯಾರೋ ಬರೆದಿದ್ದರು: "ಸರ್, ನೀವು ಮ್ಯೂಟಲ್ಲಿದ್ದೀರಿ." ಕೇಳಿದವರಿಬ್ಬರು, ಆ ಹುಡುಗರು. ಅದರಲ್ಲೊಬ್ಬ ಕೊನೆಗೆ, "ಆ ಅಜ್ಜ ಸತ್ತಿದ್ದು ಸುಳ್ಳು ಅನ್ನಿಸ್ತು ಸರ್" ಅಂದ. ಸರಿಯಾದ ಮಾತು. ಜೂಮಿನಲ್ಲಿ ಅದನ್ನು ಯಾರೂ ಹೇಳುತ್ತಿರಲಿಲ್ಲ, ಚಪ್ಪಾಳೆಯ ಚಿತ್ರ ಒತ್ತಿ ಮುಂದೆ ಹೋಗುತ್ತಿದ್ದರು.

ಸಾವಿನ ಮುಂದೆಯೂ ಅದೇ ಕೈಮುಗಿದ ಚಿತ್ರ. 2021ರ ಜೂನ್ 11ರಂದು ಕವಿ ಸಿದ್ಧಲಿಂಗಯ್ಯ ಕೋವಿಡ್‌ಗೆ ತುತ್ತಾದರು. ಅವರ ಹಾಡುಗಳನ್ನು ಒಂದು ಕಾಲಕ್ಕೆ ಮೆರವಣಿಗೆಯಲ್ಲಿ ಕೂಗಿ ಹಾಡಿದವರು ಆ ದಿನ ತಮ್ಮ ತಮ್ಮ ಕೋಣೆಯಲ್ಲಿ ಕೂತು ಸ್ಟೇಟಸ್ ಹಾಕಿದರು.

ಆ ವರ್ಷ ನಾನು ಹರಿಯದೆ ಉಳಿಸಿಕೊಂಡ ಕಥೆ ಹುಟ್ಟಿದ್ದು ಜುಲೈ 23ರ ನೆರೆಯ ನಂತರ. ಗಂಗಾವಳಿ ನದಿ ಉಕ್ಕಿ ಅಂಕೋಲೆಯ ಹಳ್ಳಿಗಳಿಗೆ ನುಗ್ಗಿತ್ತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಗಿತ್ತು, ಕಳಚೆಯಲ್ಲಿ ಗುಡ್ಡವೇ ಜಾರಿತ್ತು. ಹೆಂಡತಿಯ ತವರಿನ ಕಡೆ ಮಣ್ಣು ತೆಗೆಯಲು ಹೋದೆವು. ಮೊದಲ ಅರ್ಧ ಗಂಟೆ ಎಲ್ಲರ ಮುಖದಲ್ಲೂ ಮಾಸ್ಕು. ಆಮೇಲೆ ಕೆಸರಿನಲ್ಲಿ ಅದು ಎಲ್ಲಿ ಬಿತ್ತೋ. ಹಾರೆ, ಬುಟ್ಟಿ, ಸಾಲಾಗಿ ನಿಂತ ಜನ, ಎಲ್ಲರ ಕಣ್ಣೂ ಕೈಮೇಲೆ. ಒಂದೂವರೆ ವರ್ಷದ ನಂತರ ಮೊದಲ ಸಲ ಯಾರೋ ನನಗೆ ಸಂಬಂಧಪಡದ ವಿಷಯವನ್ನು ನನ್ನ ಪಕ್ಕ ನಿಂತು ಹೇಳತೊಡಗಿದರು. ಅದು ತಪ್ಪೆಂದು ಯಾರಾದರೂ ವಾದಿಸಿದರೆ ಒಪ್ಪುತ್ತೇನೆ. ಸೋಂಕಿನ ನಿಯಮ ಮುರಿದದ್ದು ಹೌದು.

ಈಗ ಎಲ್ಲ ಮರಳಿ ಬಂದಿದೆ ಎನ್ನುತ್ತಾರೆ. ಜಾತ್ರೆ ಬಂದಿದೆ, ಮೊದಲಿಗಿಂತ ಜೋರಾಗಿ. ಆಟ ಬಂದಿದೆ. ಬಾರದೇ ಉಳಿದದ್ದು ಸಣ್ಣ ಕೂಟಗಳು. ನಮ್ಮ ಕೇರಿಯಲ್ಲಿ ಕಂಬಳ ಈಗ ಎರಡೇ ಮನೆಯಲ್ಲಿ. ಉಳಿದವರು ಆ ಎರಡು ವರ್ಷದಲ್ಲಿ ಹೋಮ್ ಪ್ರಾಡಕ್ಟಿನವರಿಗೆ ಕಿಲೋ ಲೆಕ್ಕದಲ್ಲಿ ಹೇಳಿ ರೂಢಿ ಮಾಡಿಕೊಂಡರು, ಅದೇ ಸುಖವಾಯಿತು. ಲೇಖಕರೂ ಅಷ್ಟೇ. ಅಂಗಡಿ ಮುಚ್ಚಿದ್ದಾಗ ತಮ್ಮ ಪುಸ್ತಕವನ್ನು ತಾವೇ ವಾಟ್ಸಾಪಿನಲ್ಲಿ ಮಾರಿ, ಗೂಗಲ್ ಪೇಯಲ್ಲಿ ದುಡ್ಡು ತೆಗೆದುಕೊಂಡು, ಅಂಚೆಯಲ್ಲಿ ಕಳಿಸುವುದನ್ನು ಕಲಿತರು. ಕೋವಿಡ್ ಕೊಟ್ಟ ಒಂದು ಒಳ್ಳೆಯ ಅಭ್ಯಾಸ ಅದು. ಕಡಿಮೆ ದರದ ರಿಜಿಸ್ಟರ್ಡ್ ಬುಕ್ ಪೋಸ್ಟನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿದ ಮೇಲೆ ಅದಕ್ಕೂ ಪೆಟ್ಟು ಬಿತ್ತು. ಬೆಲೆ ಕಡಿಮೆಯಿರುವ ಪುಸ್ತಕಕ್ಕೆ ಕಳಿಸುವ ಖರ್ಚೇ ಭಾರವಾಯಿತು. ಹೊಸ ಓದುಗ ಸಿಕ್ಕಿದ, ಅವನಿಗೆ ಪುಸ್ತಕ ತಲುಪಿಸುವ ದಾರಿ ದುಬಾರಿಯಾಯಿತು. ಹಳೆಯ ದಾರಿಯಲ್ಲಿದ್ದ ನಿವೃತ್ತ ಮಾಸ್ತರರಲ್ಲಿ ಕೆಲವರು ಈಗಿಲ್ಲ. ಇದ್ದವರೂ ಮನೆಯಿಂದ ಹೊರಡುವ ಅಭ್ಯಾಸ ತಪ್ಪಿಸಿಕೊಂಡಿದ್ದಾರೆ.

ಭಾವನಿಗೆ ಇಷ್ಟೆಲ್ಲ ಹೇಳಲಿಲ್ಲ. ಮಣೆ ಕೊಟ್ಟು ಬರಲು ಇಬ್ಬರೂ ಗುಡಿಗಾರರ ಕೊಟ್ಟಿಗೆಗೆ ಹೋದೆವು. ಆ ಐದಡಿಯ ಗಣಪತಿ ಏನಾಯಿತೆಂದು ಇಷ್ಟು ವರ್ಷಗಳ ನಂತರ ಕೇಳಿದೆ. "ಯಾರೂ ಒಯ್ಲಿಲ್ಲ ಹೆಗಡೇರೇ. ಒಡೆದು ನೀರಲ್ಲಿ ನೆನೆಹಾಕ್ದೆ. ಮುಂದಿನ ವರ್ಷ ಹದಿನಾಲ್ಕು ಸಣ್ಣದಾಯ್ತು" ಅಂದರು. ನಮ್ಮ ಮಣೆ ಇಡಲು ಅಟ್ಟದ ಮೇಲೆ ಕೈಹಾಕಿದಾಗ ಗೋಡೆಗೆ ಒರಗಿಸಿಟ್ಟ ಮೂರು ಹಳೆಯ ಮಣೆ ಕಂಡವು. ಆ ವರ್ಷ ಕೊಟ್ಟುಹೋದವರು ಚೌತಿಗೆ ಬರಲಿಲ್ಲವಂತೆ, ಆಮೇಲೂ ಕೇಳಿಕೊಂಡು ಬಂದಿಲ್ಲ. ಎರಡರ ಹಿಂದೆ ಮನೆತನದ ಹೆಸರಿತ್ತು. ಮೂರನೆಯದರ ಸುಣ್ಣ ಉಜ್ಜಿಹೋಗಿ ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ. ಭಾವ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮರ ಹಲಸಿನದು ಎಂದು ಹೇಳಿ, ಇದ್ದಲ್ಲೇ ಇಟ್ಟರು.